ಅಕ್ಕ ಓದಿ ಹೇಳಲು ತಂದ ಹಾಳೆ

ಅಕ್ಕ ಕೇಳಿದ್ದು ಅರ್ಧ ಗಂಟೆ, ನಾನು ಕೊಡಲಿಲ್ಲ. ಆಕೆ ವಿಲಾಯತಿಯ ಕ್ರೋಯ್ಡನ್ನಿನಲ್ಲಿ ನರ್ಸ್; ನಾನೂ ಅಲ್ಲಿ ಆಕೆಯ ಮನೆಯಲ್ಲೇ ಇದ್ದೆ. ಡ್ಯೂಟಿಯಿಂದ ಬಂದು ಬೂಟೂ ಬಿಚ್ಚದೆ ನರ್ಸಿಂಗ್ ಡಾಕ್ಟರೇಟಿಗೆ ಓದುತ್ತಿದ್ದಳು. ಯಾರು ಕರೆದರೂ, "ಇದೊಂದು ಪುಟ ಮುಗೀಲಿ ತಡೀರಿ" ಎನ್ನುವಳು. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣಾಗದಂತೆ ಮನೆಯವರು ನೋಡಿಕೊಳ್ಳುವ ಬಗೆಯನ್ನು ಕನ್ನಡದಲ್ಲೂ ಬರೆಯುವುದು ಆ ಓದಿನದೇ ಒಂದು ಭಾಗ.

ಒಂದು ಭಾನುವಾರ ಹಾಳೆ ಹಿಡಿದು ಬಂದಳು. "ಅರ್ಧ ತಾಸು ಓದ್ತೀನಿ, ಕೇಳಪಾ. ನಿನಗ ತಿಳಿದ್ರ ಎಲ್ಲಾರಿಗೂ ತಿಳೀತದ."

ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆ ದಾಟದವನು. ಊಟಕ್ಕೆ ಬಂದವರ ಮುಂದೆಯೇ, "ನನ್ನ ದಡ್ಡತನದ ಮ್ಯಾಲ ಡಿಗ್ರಿ ತಗೋತೀಯೇನು?" ಎಂದೆ. ಎಲ್ಲರೂ ನಕ್ಕರು. ಅಕ್ಕ ಹಾಳೆ ಮಡಚಿಟ್ಟು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಆಕೆಗೆ ಪದವಿ ಬಂದ ದಿನ ಅಡುಗೆಮನೆಯಲ್ಲಿ ಹೇಳಿದೆ: "ಅಕ್ಕಾ, ನೀ ನನ್ನ ನಂಬಿ ಬಂದಿದ್ದಿ. ನಾ ಮಂದಿ ಮುಂದ ನಿನ್ನ ನಗಿಗೀಡು ಮಾಡಿದೆ. ತಪ್ಪಾತು."