ಜಯಲಕ್ಷ್ಮಮ್ಮ ಕೋವಿ ಆರಿಸಿದ್ದು

ಜಯಲಕ್ಷ್ಮಮ್ಮನ ಗಂಡ ಶಿವಣ್ಣ ಎದೆನೋವಿನಿಂದ ತೀರಿಕೊಂಡ ಮೂರನೇ ದಿನವೇ ಅವನ ರೈಫಲ್ಲು ಕೆ.ಆರ್.ಪೇಟೆಯ ಠಾಣೆ ಸೇರಿತು. ಲೈಸೆನ್ಸು ಇದ್ದವನೇ ಇಲ್ಲದ ಮೇಲೆ ಅದು ಮನೆಯಲ್ಲಿರುವ ಹಾಗಿರಲಿಲ್ಲ. ಅವನ ತಾತನ ಕಾಲದ ಲಿವರ್ ರೈಫಲ್ಲು ಅದು. ಕೆಳಗಿನ ಹಿಡಿಯನ್ನು ಒಮ್ಮೆ ಎಳೆದು ಮೇಲೆ ತಂದರೆ ಸುಟ್ಟ ಗುಂಡಿನ ಚಿಪ್ಪು ಹೊರಗೆ ಹಾರಿ, ಹೊಸ ಗುಂಡು ಒಳಗೆ ಕೂರುತ್ತಿತ್ತು. ಆ ಖಟ್ ಖಟ್ ಸದ್ದು ಕೇಳಿದರೆ ಸಾಕು, ಜಯಲಕ್ಷ್ಮಮ್ಮ ಒಳಗೆ ಹೋಗಿಬಿಡುತ್ತಿದ್ದಳು.

ಅಂಥವಳೇ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಿದ್ದಕ್ಕೆ ಕಾರಣವಿತ್ತು. ಪೇಟೆಯಿಂದ ಎರಡು ಮೈಲಿ ಆಚೆ ತೋಟದ ಮನೆ. ಇರುವವರು ಅವಳು, ಬಿ.ಎಡ್. ಓದುವ ಮಗಳು ದಿವ್ಯ, ಐದು ಹಸು. ಕಬ್ಬು ಆಳೆತ್ತರ ಮೀರಿ ಬೆಳೆದ ಮೇಲೆ ಜಗಲಿಯಲ್ಲಿ ಕೂತರೆ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆ ವರ್ಷ ಪಕ್ಕದೂರಿನ ಒಂದು ಒಂಟಿಮನೆಗೆ ಮಧ್ಯಾಹ್ನವೇ ಮೂರು ಜನ ನುಗ್ಗಿ, ಮನೆಯೊಡತಿಯ ಕೈಕಾಲು ಕಟ್ಟಿ ಸರ ಕಿತ್ತುಕೊಂಡು ಹೋದರು. ಆಮೇಲೆ ಗಾಳಿಗೆ ಕಬ್ಬಿನ ಗರಿ ಸರಸರ ಎಂದರೂ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ದಿವ್ಯ ಕಾಲೇಜಿನಿಂದ ಬರುವುದು ಹತ್ತು ನಿಮಿಷ ತಡವಾದರೆ ನಾಲ್ಕು ಸಲ ಫೋನು ಮಾಡುತ್ತಿದ್ದಳು.

ಪಾಂಡವಪುರದಲ್ಲಿದ್ದ ಮೈದುನ ಪುಟ್ಟರಾಜು, ಹೆಂಗಸಿಗೆ ಕೋವಿ ಯಾಕೆ, ಲೈಸೆನ್ಸು ತನ್ನ ಹೆಸರಿಗೆ ಆಗಲಿ ಎಂದ. ಕೋವಿ ಪಾಂಡವಪುರದಲ್ಲಿದ್ದರೆ ಕಳ್ಳರು ಅಲ್ಲಿಗೇ ಬರಬೇಕಾಗುತ್ತದೆ ಎಂದು ಅವಳು ಹೇಳಿದಳು. ಮಂಡ್ಯದ ಕಚೇರಿಗೆ ಅಲೆದಳು, ಪೊಲೀಸರ ವಿಚಾರಣೆಗೆ ಉತ್ತರ ಕೊಟ್ಟಳು, ತರಬೇತಿಯಲ್ಲಿ ಕಣ್ಣು ಮುಚ್ಚದೆ ಐದು ಗುಂಡು ಹಾರಿಸಿದಳು. ವರ್ಷ ಕಳೆದು ಲೈಸೆನ್ಸು ಬಂತು, ಠಾಣೆಯಲ್ಲಿದ್ದ ರೈಫಲ್ಲೂ ಕೈಗೆ ಬಂತು.

ತಾತನ ಕಾಲದ ಆ ರೈಫಲ್ಲನ್ನೇ ಇಟ್ಟುಕೊಳ್ಳುವುದೋ, ಅದನ್ನು ಕೊಟ್ಟು ಬೇರೆ ಕೊಳ್ಳುವುದೋ ಎಂಬುದು ಆಗ ಎದ್ದ ಪ್ರಶ್ನೆ. ರೈಫಲ್ಲಿನ ಸಮೇತ ಮೈಸೂರಿನ ಕೋವಿ ಅಂಗಡಿಗೆ ಅವಳನ್ನು ಪುಟ್ಟರಾಜುವೇ ಕಾರಿನಲ್ಲಿ ಕರೆದುಕೊಂಡು ಹೋದ. ಅಂಗಡಿಯ ನರಸಯ್ಯ ವಯಸ್ಸಾದವರು. ಮೊದಲು ಪುಟ್ಟರಾಜುವಿನ ಮುಖ ನೋಡಿಯೇ ಮಾತಾಡಿದರು. ಲೈಸೆನ್ಸಿನ ಪುಸ್ತಕ ಬಿಚ್ಚಿ ನೋಡಿದ ಮೇಲೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು.

ಜೋಡಿ ನಳಿಗೆಯ ಕೋವಿ ಅವಳಿಗೆ ಭಾರವಾಯಿತು. ಅವಳ ಮನೆಯ ನಡುಮನೆಯಲ್ಲಿ ಅದನ್ನು ತಿರುಗಿಸುವುದಕ್ಕೂ ಜಾಗವಿರಲಿಲ್ಲ. ಲಿವರ್ ರೈಫಲ್ಲು ಗಿಡ್ಡ, ತೋಳಿಗೆ ಒಗ್ಗಿತು. ಪುಟ್ಟರಾಜುವಿಗೂ ಅದೇ ಇಷ್ಟ, ಮನೆತನದ್ದು ಅಂತ. ಅದರ ಗುಂಡು ಈಗ ಸುಲಭಕ್ಕೆ ಸಿಗುವುದಿಲ್ಲ ಎಂದರು ನರಸಯ್ಯ. ಅವಳು ಕೇಳಿದ್ದು ಒಂದೇ: ಗುಂಡು ಎಲ್ಲಿ ನಿಲ್ಲುತ್ತದೆ?

“ನಿಲ್ಲೋದಿಲ್ಲಮ್ಮ. ಬಾಗಿಲು ದಾಟುತ್ತೆ, ಹೆಂಚಿನ ಮನೆ ಗೋಡೆ ದಾಟಿದರೂ ದಾಟೀತು. ಇವತ್ತೇ ತಗೋಬೇಡಿ. ಮನೆಗೆ ಹೋಗಿ ಪ್ರತಿ ಬಾಗಿಲಲ್ಲೂ ನಿಂತು, ಎದುರಿಗೆ ಯಾರಿದ್ದಾರೆ ನೋಡಿಕೊಂಡು ಬನ್ನಿ.”

ಮಾರನೇ ಬೆಳಿಗ್ಗೆ ತಾಯಿ ಮಗಳು ಅದನ್ನೇ ಮಾಡಿದರು. ಮುಂಬಾಗಿಲಿನಿಂದ ನೇರಕ್ಕೆ ಶಾಲೆಗೆ ಹೋಗುವ ಹಾದಿ. ಅಡುಗೆಮನೆ ಬಾಗಿಲಿನಿಂದ ಕೊಟ್ಟಿಗೆ, ಅದರ ಹಿಂದೆ ನಿಂಗಮ್ಮನ ಹೆಂಚಿನ ಮನೆ. ನಿಂಗಮ್ಮ, ಅವಳ ಗಂಡ ಲಕ್ಷ್ಮಣ ಇವರ ಗದ್ದೆಯಲ್ಲೇ ದುಡಿಯುವವರು, ಹತ್ತಿರದ ನೆರೆಯೆಂದರೆ ಅವರಷ್ಟೇ. ಪಡುವಣ ಕಿಟಕಿಯಿಂದ ನೋಡಿದರೆ ಬರೀ ಕಬ್ಬು. ಅಲ್ಲಿ ಯಾರೂ ಇಲ್ಲ ಎಂದು ದಿವ್ಯ ಹೇಳುತ್ತಿರುವಾಗಲೇ ಕಬ್ಬಿನೊಳಗಿಂದ ಗರಿಯ ಹೊರೆ ಹೊತ್ತ ನಿಂಗಮ್ಮ ಹೊರಗೆ ಬಂದಳು. ಜಯಲಕ್ಷ್ಮಮ್ಮ ಕಿಟಕಿ ಮುಚ್ಚಿದಳು.

ತಾತನ ಕಾಲದ ರೈಫಲ್ಲನ್ನು ಅಂಗಡಿಗೆ ಕೊಟ್ಟು, ಸಣ್ಣ ಸೀಸದ ಕಾಳುಗಳಾದ ಚರೆ ಹಾರಿಸುವ ಹಗುರ ಒಂಟಿ ನಳಿಗೆಯ ಕೋವಿ ತಂದಳು. ಚರೆಯೇನೂ ಹುಡುಗಾಟದ್ದಲ್ಲ, ರೈಫಲ್ಲಿನ ಗುಂಡಿನಷ್ಟು ದೂರ ಹೋಗುವುದಿಲ್ಲ ಅಷ್ಟೇ ಎಂದು ನರಸಯ್ಯ ಎರಡು ಸಲ ಹೇಳಿದ್ದರು. ಪುಟ್ಟರಾಜು ಎರಡು ತಿಂಗಳು ಮಾತು ಬಿಟ್ಟ. ಕೋವಿ ಬೀರುವಿನಲ್ಲಿ, ಗುಂಡು ಬೇರೆ ಪೆಟ್ಟಿಗೆಯಲ್ಲಿ, ಎರಡರ ಬೀಗದ ಕೈ ಅವಳ ಸೊಂಟದಲ್ಲಿ.

ಕೋವಿ ಬಂದರೂ ಭಯ ಹೋಗಲಿಲ್ಲ. ಹಾಲು ಹಾಕಲು ಡೈರಿಗೆ ಹೋದರೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧದಾರಿಯಿಂದ ವಾಪಸ್ಸು ಬರುತ್ತಿದ್ದಳು.

ಕಾರ್ತಿಕ ಮಾಸದ ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಕೊಟ್ಟಿಗೆ ಹಿಂದೆ ಧಡ್ ಎಂದು ಏನೋ ಬಿತ್ತು. ಕರೆಂಟು ಇರಲಿಲ್ಲ. ದಿವ್ಯಳನ್ನು ಒಳಗೆ ತಳ್ಳಿ, ಬೀರು ತೆಗೆದು, ಕೋವಿಗೆ ಗುಂಡು ತುಂಬಿ ಅಡುಗೆಮನೆ ಬಾಗಿಲಲ್ಲಿ ನಿಂತಳು. ಬೇಲಿ ಹತ್ತಿರ ಒಬ್ಬ ಗಂಡಸು ಬಗ್ಗಿ ಬರುತ್ತಿದ್ದ. ಕೋವಿ ಅವಳ ಹೆಗಲಿಗೆ ಏರಿತ್ತು, ಬೆರಳು ಗುಂಡು ಹಾರಿಸುವ ಕುದುರೆಯ ಮೇಲಿತ್ತು. ಯಾರು ಎಂದು ಅವಳು ಕೂಗಿ ಕೇಳಲಿಲ್ಲ.

“ನಿಮ್ ಕರ ಹಗ್ಗ ಕಿತ್ಕೊಂಡ್ ಬಂದ್ಬುಟ್ಟೈತೆ ಕಣಕ್ಕ, ಇಡ್ಕೊಂಡೀವ್ನಿ,” ಎಂದ ಲಕ್ಷ್ಮಣ. ಆಮೇಲೆ ತಲೆ ಎತ್ತಿ ನೋಡಿ, ನಿಂತಲ್ಲೇ ನಿಂತ. ಕರುವಿನ ಕೊರಳ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಎರಡೂ ಕೈ ಮುಂದೆ ಚಾಚಿದ.

ಅವಳು ಕೋವಿ ಇಳಿಸಿ ಗುಂಡು ಹೊರಗೆ ತೆಗೆದಳು. ಅದು ಕೈಜಾರಿ ಹೊಸಿಲ ಮೇಲೆ ಬಿತ್ತು. ಲಕ್ಷ್ಮಣ ಕರುವನ್ನು ಕಟ್ಟಿ ಹೋದ.

ಮರುದಿನದಿಂದ ನಿಂಗಮ್ಮನ ಮನೆಯವರು ಬರಬೇಕಾದರೆ ಬೇಲಿಯ ಆಚೆಯೇ ನಿಂತು ತಮ್ಮ ಹೆಸರು ಕೂಗಿ, ಇವಳು ಓ ಅಂದ ಮೇಲೆ ಕಾಲಿಡುತ್ತಿದ್ದರು. ಬರಬರುತ್ತಾ ಸಂಜೆ ಹೊತ್ತು ಬರುವುದನ್ನೇ ಬಿಟ್ಟರು. ಮಜ್ಜಿಗೆಗೆಂದು ದಿನವೂ ಬರುತ್ತಿದ್ದ ನಿಂಗಮ್ಮ ಎಂಟು ದಿನ ಕಾಣಲಿಲ್ಲ. ದಿವ್ಯ ಇದನ್ನು ತಾಯಿಗೆ ಹೇಳಿದಳು.

ಆ ಭಾನುವಾರ ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಗಳನ್ನು ದಿವ್ಯಳಿಗೆ ಕೊಟ್ಟು, ಮಜ್ಜಿಗೆ ಚೊಂಬು ಹಿಡಿದು ಕೊಟ್ಟಿಗೆ ಹಿಂದಿನ ಹಾದಿಯಲ್ಲಿ ನಡೆದಳು. ಹೊತ್ತು ಮುಳುಗುತ್ತಿತ್ತು. ಎರಡೂ ಕಡೆ ಕಬ್ಬು. ನಡುವೆ ಒಮ್ಮೆ ನಿಂತಳು, ಮತ್ತೆ ಹೊರಟಳು. ನಿಂಗಮ್ಮನ ಬೇಲಿಯ ಹೊರಗೇ ನಿಂತು ಕೂಗಿದಳು:

“ನಾನು ಕಣೆ ನಿಂಗೀ, ಜಯಲಕ್ಷ್ಮಿ. ಬರಲಾ?”

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ನಿಂಗಮ್ಮ ಬಾಗಿಲು ತೆಗೆದಳು.