ನಡುವಿನ ಪಾಠಕ್ಕೆ ಬಂದ ಸೀನು

ನಮ್ಮ ಮನೆಯಲ್ಲಿ ಪಠ್ಯಪುಸ್ತಕ ತೆರೆದರೆ ಮೊದಲು ಬರುವುದು ಜ್ಞಾನವಲ್ಲ, ಸೀನು. ಮಗಳು ಗೌರಿಯ ನಾಲ್ಕನೆಯ ತರಗತಿಯ ಪುಸ್ತಕಗಳಿರುವ ಗೂಡಿನ ಕೆಳಗೇ ವರ್ಷದ ಮೆಣಸಿನಕಾಯಿ ಚೀಲ ಕುಳಿತಿರುವುದರಿಂದ ಅಕ್ಷರಕ್ಕೂ ಘಾಟಿಗೂ ಅಲ್ಲಿ ನೆಂಟಸ್ತನ ಬೆಳೆದುಬಿಟ್ಟಿದೆ. ಹೊರಡುವಾಗ ಒಂಟಿ ಸೀನು ಬಂದರೆ ಕುಳಿತು ಏಳಬೇಕು, ಜೋಡಿ ಸೀನು ಬಂದರೆ ಶುಭ ಎಂದು ಹೇಳಿದ ಹಿರಿಯರು ಬ್ಯಾಡಗಿಯಲ್ಲಿ ಸುಗ್ಗಿ ಕಳೆದವರಲ್ಲವೆಂದು ಕಾಣುತ್ತದೆ. ಇಲ್ಲಿ ಆ ನಿಯಮ ಹಿಡಿದರೆ ಊರಿಗೆ ಊರೇ ಕುಳಿತಲ್ಲಿಂದ ಏಳಲಿಕ್ಕಿಲ್ಲ.

ಆದರೂ ನನ್ನ ಹೆಂಡತಿ ಶೈಲಾ ಹಿಡಿಯುತ್ತಾಳೆ. ಗೌರಿಯನ್ನು ಸರಕಾರಿ ಶಾಲೆಯಿಂದ ಬಿಡಿಸಿ ರಾಣೆಬೆನ್ನೂರಿನ ಇಂಗ್ಲಿಷ್ ಶಾಲೆಗೆ ಹಾಕಲು ಆಕೆ ಹೊರಟ ದಿನ ಒಂಟಿ ಸೀನು ಬಂದು ಪ್ರಯಾಣ ನಿಂತಿತು, ಚಿಂತೆ ನಿಲ್ಲಲಿಲ್ಲ. ಪುಸ್ತಕದಲ್ಲಿ ಚಿತ್ರ ಹೆಚ್ಚು, ಲೆಕ್ಕ ಕಡಿಮೆ, ಪಕ್ಕದ ಮನೆಯ ಮಗುವಿಗೆ ಬರುವ ಭಿನ್ನರಾಶಿ ನಮ್ಮ ಹುಡುಗಿಗೆ ಬಾರದು ಎಂಬುದು ಆಕೆಯ ತಕರಾರು. ನನಗೋ ಸರಕಾರಿ ಶಾಲೆಯನ್ನು ಅಂದರೆ ನನ್ನನ್ನೇ ಅಂದಂತೆ. ಅಪ್ಪ ಮಾರುಕಟ್ಟೆಯಲ್ಲಿ ಚೀಲ ಹೊತ್ತವನು; ಆ ಶಾಲೆಯಲ್ಲೇ ಅಕ್ಷರ ಕಲಿತು, ಹಾವೇರಿಯ ಕಾಲೇಜಿಗೆ ರೈಲಿನಲ್ಲಿ ನಿಂತೇ ಹೋಗಿಬಂದು, ಮನೆತನದಲ್ಲೇ ಮೊದಲ ಪದವೀಧರನಾದವನು ನಾನು. ಪದವಿ ಪತ್ರವನ್ನು ಕನ್ನಡಿಯ ಪಕ್ಕದಲ್ಲೇ ತೂಗುಹಾಕಿದ್ದೇನೆ, ಮುಖ ನೋಡಿಕೊಂಡಾಗಲೆಲ್ಲ ಅದೂ ಕಾಣಲೆಂದು. ಶೈಲಾ ಅದರತ್ತಲೇ ಕೈತೋರಿಸಿದಳು: “ನೀವು ಕಲ್ತ ಸಾಲಿ ಛಲೋ ಇತ್ತು, ಖರೇ. ಈಗಿಂದು ನೋಡ್ರಿ. ನಿಮ್ಮ ಅಭಿಮಾನಕ್ಕ ಕೂಸಿನ್ನ ಒತ್ತಿ ಇಡಬ್ಯಾಡ್ರಿ.”

ಮಾತು ನಾಟಿತು. ಪಾಲಕರ ಸಭೆ ಮುಗಿಯಲಿ, ಆಮೇಲೆ ನೀನು ಹೇಳಿದಂತೆ ಎಂದೆ.

ಸಭೆಯಲ್ಲಿ ಅಕ್ಕೋರು, ನಮ್ಮ ಕಡೆ ಶಿಕ್ಷಕಿಗೆ ಹಾಗೆನ್ನುತ್ತೇವೆ, ಮಕ್ಕಳಿಂದ ಮೊದಲ ಪಾಠ ಓದಿಸಿದರು. ಮಿತ್ರರೇ, ಮೆಣಸಿನಕಾಯಿ ಊರಿನ ಮಂದಿಗೆ ಮೊದಲ ಪಾಠ ತೋರಿಸಬಾರದು. ಚೀಲದ ಬಾಯಿಗೆ ಚೆಂದದ ಕಾಯಿ ಇಟ್ಟಿರುತ್ತಾರೆಂದು ಬಲ್ಲ ನಾವು ಮೊಣಕೈವರೆಗೆ ಕೈ ಇಳಿಸಿ ನಡುವಿನದನ್ನು ಎಳೆದು ನೋಡುವವರು. ಶೈಲಾ ಎದ್ದು, “ಅಕ್ಕೋರ, ನಡುವಿನ ಪಾಠ ತಗೀರಿ,” ಎಂದದ್ದೇ ತಡ, ಸಭೆಗೆ ಸಭೆಯೇ ಪುಸ್ತಕದ ಮೇಲೆ ಬಿತ್ತು. ಒಬ್ಬರು ಹಾಳೆ ತಿಕ್ಕಿದರು, ಒಬ್ಬರು ಬೆಳಕಿಗೆ ಹಿಡಿದರು, ಕಾಯಿಯ ದಲಾಲಿ ನಡೆಸುವ ಅಡತಿ ಅಂಗಡಿಯ ಯಜಮಾನರೊಬ್ಬರು ಅಭ್ಯಾಸಬಲದಿಂದ ಮೂಸಿಯೂ ನೋಡಿದರು.

ಸಿಕ್ಕಿದ್ದು ಸಂತೆಯ ಪಾಠ. ಅದರ ಚಿತ್ರದಲ್ಲೊಂದು ಮೆಣಸಿನಕಾಯಿ, ಗಾಜಿನಂತೆ ನುಣುಪು. ಕೆಳಗೆ, ಕೆಂಪು ಹೆಚ್ಚಿದಷ್ಟೂ ಖಾರ ಹೆಚ್ಚು ಎಂಬ ಸಾಲು. ಮೈತುಂಬ ನೆರಿಗೆ ಹೊತ್ತು, ಬಣ್ಣವನ್ನೆಲ್ಲ ಸಾರಿಗೆ ಸುರಿದು ನಾಲಿಗೆಗೆ ಮಾತ್ರ ಕರುಣೆ ತೋರುವ ಕಾಯಿಯ ಊರಿನಲ್ಲಿ ಈ ಸಾಲು! ಇದನ್ನು ಬರೆದವನು ಮನೆಯಲ್ಲಿ ಸಾರಿಗೆ ಏನು ಹಾಕಿಕೊಳ್ಳುತ್ತಾನೆಂದು ಯಜಮಾನರು ಕೇಳಿದರು. ಶೈಲಾ ನನ್ನತ್ತ ನೋಡಿದ ನೋಟದಲ್ಲಿ ರಾಣೆಬೆನ್ನೂರಿನ ಶಾಲೆಯ ವ್ಯಾನು ಬಂದು ನಿಂತಿತ್ತು.

ಆಗ ಗೌರಿ ಎದ್ದಳು. “ಅದು ತಪ್ಪೈತಿ ಅಂತ ನಾವು ಆಗಳೇ ಹಿಡದೇವ್ರಿ. ಅಕ್ಕೋರು ಮನಿಯಿಂದ ಕಾಯಿ ತರಿಸಿದ್ರು. ನಮ್ಮ ಕಾಯಿ ಒಂದು ಲೋಟದಾಗ, ಗುಂಟೂರು ಕಾಯಿ ಒಂದು ಲೋಟದಾಗ ನೆನಿಸಿ, ಬಣ್ಣ ನೋಡಿ, ನಾಲಿಗಿಗೆ ಹಚ್ಚಿಕೊಂಡ್ವಿ. ಕೆಂಪು ನಮ್ಮದ ಹೆಚ್ಚು, ಆದ್ರ ಗುಂಟೂರಿಂದಕ್ಕ ಅರ್ಧಾ ಮಂದಿ ಅತ್ರು. ಪುಸ್ತಕ ಸೋಲ್ತು.”

ಸಭೆ ನಕ್ಕ ನಗೆಗೆ ಹಂಚಿನ ಮೇಲಿನ ಪಾರಿವಾಳಗಳು ಎದ್ದವು. ನಾನೂ ನಕ್ಕೆ, ಆದರೆ ಒಳಗೆಲ್ಲೋ ಹೊಟ್ಟೆಕಿಚ್ಚೂ ಆಯಿತು. ಪದವಿಯವರೆಗೆ ಓದಿದ ನಾನು ಒಂದು ಪುಸ್ತಕವನ್ನೂ ಸೋಲಿಸಿದವನಲ್ಲ. ಅಚ್ಚಾದದ್ದಕ್ಕೆಲ್ಲ ಕೈಮುಗಿದು ಪಾಸಾದವನು. ನಾಲಿಗೆ ಒಂದು ಹೇಳಿ ಪುಸ್ತಕ ಇನ್ನೊಂದು ಹೇಳಿದ್ದರೆ ನಾಲಿಗೆಯನ್ನೇ ಬೈದುಕೊಳ್ಳುತ್ತಿದ್ದೆ. ಶೈಲಾ ಮಾತ್ರ ನಗುತ್ತಲೇ ಪಟ್ಟು ಬಿಡಲಿಲ್ಲ. ಲೆಕ್ಕ ಕಡಿಮೆ ಇರುವುದು ಸುಳ್ಳಲ್ಲವಲ್ಲ ಎಂದಳು. ಅಕ್ಕೋರು ಒಪ್ಪಿದರು, ಭಿನ್ನರಾಶಿಯನ್ನು ಪುಸ್ತಕ ಮೀರಿಯೇ ಕಲಿಸುತ್ತೇನೆ, ಮನೆಯಲ್ಲಿ ರೊಟ್ಟಿ ಮುರಿಯುವಾಗ ನೀವೂ ಕೇಳಬೇಕು ಎಂದರು. ಅಂದಿನಿಂದ ಎಷ್ಟನೆಯ ಪಾಲೆಂದು ಹೇಳದೆ ನನ್ನ ತಟ್ಟೆಗೂ ರೊಟ್ಟಿ ಬೀಳುತ್ತಿಲ್ಲ.

ಹೀಗೆ ಕೆಲವು ದಿನ ಕಳೆದ ಮೇಲೆ, “ಮತ್ತ, ಇಲ್ಲೇ ಓದಲೇನ್ರಿ?” ಎಂದು ಶೈಲಾ ತಾನಾಗಿಯೇ ಕೇಳಿದಳು. ಹೂಂ ಅನ್ನುವ ಹುಮ್ಮಸ್ಸಿನಲ್ಲಿ ಗೂಡಿನಿಂದ ಪುಸ್ತಕ ಎಳೆದು ನಟ್ಟನಡುವೆ ತೆರೆದೆ. ಸೀನಿದೆ. ಒಂದೇ. ಶೈಲಾಳ ಮುಖ ಸಣ್ಣದಾಯಿತು. ಬಾಗಿಲ ಬಿಸಿಲಿಗೆ ಮೂಗೊಡ್ಡಿ ಇನ್ನೊಂದಕ್ಕಾಗಿ ಕಾದೆ; ಬರಲಿಲ್ಲ. ಅಷ್ಟರಲ್ಲಿ ಶೈಲಾ ಸೀನಿದಳು.

ಗೌರಿ ರೊಟ್ಟಿಯಿಂದ ತಲೆ ಎತ್ತಿದಳು. “ಅರ್ಧಾ ಅಪ್ಪಂದು, ಅರ್ಧಾ ಅವ್ವಂದು,” ಎಂದಳು. “ಜೋಡಿ ಆತು.”