ಗೇಟು ಬಿದ್ದಷ್ಟು ಸಲ ಗಂಟು

ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮ ಮಗ್ಗದ ಮನೆ ದೊಡ್ಡಬಳ್ಳಾಪುರದ ರೈಲ್ವೆ ಗೇಟಿನ ಆಚೆಗಿತ್ತು. ಬಸ್ ಸ್ಟ್ಯಾಂಡು ಈಚೆಗೆ. ಶುಕ್ರವಾರ ಮೊದಲ ಬಸ್ಸಿಗೆ ಸೀರೆ ಹೊತ್ತು ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗೆ ಹೋಗುತ್ತಿದ್ದೆ. ಬಾಗಿಲು ತೆಗೆದಾಗ ಮೊದಲು ಬಂದ ನೇಕಾರನ ಸೀರೆಯನ್ನು ಬೋಣಿ ಎಂದು ಚೌಕಾಸಿಯಿಲ್ಲದೆ ಕೊಳ್ಳುವುದು ಅಲ್ಲಿನ ಸಾಹುಕಾರರ ಪದ್ಧತಿ. ಎರಡನೆಯವನ ಸೀರೆಯಲ್ಲಿ ಹತ್ತು ಹುಳುಕು ಹುಡುಕುತ್ತಿದ್ದರು. ಗೇಟು ಬಿದ್ದರೆ ನನಗೆ ಬಸ್ಸೂ ಇಲ್ಲ, ಬೋಣಿಯೂ ಇಲ್ಲ.

ಗೇಟ್‌ಮ್ಯಾನ್ ಹೆಂಡತಿಗೆಂದು ಅರ್ಧ ಬೆಲೆಗೆ ಸೀರೆ ಕೇಳಿದ್ದ, ನಾನು ಕೊಟ್ಟಿರಲಿಲ್ಲ. ಅಲ್ಲಿಂದಾಚೆ ನನ್ನ ಸೈಕಲ್ಲು ಕಂಡರೆ ಸಾಕು, ಗೇಟು ಇಳಿಯುತ್ತಿತ್ತು.

"ರೈಲೆಲ್ಲಪ್ಪಾ?"

"ಬರ್ತದೆ. ಅರ್ಜೆಂಟಿದ್ರೆ ಸೀರೆ ಬಿಚ್ಚಿ ರೆಕ್ಕೆ ಕಟ್ಕೊ, ಹಾರ್ಕೊಂಡು ಹೋಗು."

ಸ್ಟೇಷನ್ ಮಾಸ್ತರರಿಗೆ ದೂರು ಹೇಳಿದೆ. "ಲೆಕ್ಕ ಇಟ್ಕೊಂಡು ಬನ್ನಿ, ಇನ್‌ಸ್ಪೆಕ್ಟರು ಬಂದಾಗ ನೋಡೋಣ" ಅಂದರು. ಸೈಕಲ್ ಹ್ಯಾಂಡಲ್ಲಿಗೆ ಉದ್ದನೆಯ ನೂಲೊಂದು ಸುತ್ತಿಕೊಂಡೆ. ಗೇಟು ಬಿದ್ದಾಗಲೆಲ್ಲ ಒಂದು ಗಂಟು; ರೈಲು ಬಾರದೆಯೇ ಮತ್ತೆ ಎದ್ದರೆ ಪಕ್ಕದಲ್ಲೇ ಇನ್ನೊಂದು. ಒಂದು ತಿಂಗಳು ಹೀಗೆ ಕಟ್ಟಿದೆ.

ಇನ್‌ಸ್ಪೆಕ್ಟರು ಬರುವ ಬೆಳಿಗ್ಗೆ ಹ್ಯಾಂಡಲ್ಲು ಬೋಳು. ಅಮ್ಮನನ್ನು ಕೇಳಿದೆ.

"ಗಂಟುಗಂಟು ನೂಲು ಯಾರಾದ್ರೂ ಇಟ್ಕೋತಾರೇನೋ? ಎಲ್ಲಾ ಬಿಡಿಸಿ ಲಾಳಿಯೊಳಗಿನ ಕಂಡಿಕೆಗೆ ಸುತ್ತಿಟ್ಟೆ. ಉಗುರೆಲ್ಲ ನೋವು ಬಂತು ನಂಗೆ."

ನೇಕಾರರ ಮನೆಯ ಹೆಂಗಸು ನೂಲಲ್ಲಿ ಗಂಟು ಕಂಡರೆ ಸುಮ್ಮನೆ ಕೂರುವುದಿಲ್ಲ. ಮಗ್ಗದ ಸದ್ದಿನಲ್ಲೇ ಹುಟ್ಟಿದ ನನಗೆ ಅದು ನೆನಪಿರಬೇಕಿತ್ತು.

ಇನ್‌ಸ್ಪೆಕ್ಟರ ಮುಂದೆ ಬರಿಗೈಯಲ್ಲಿ ನಿಂತು ನಡೆದದ್ದನ್ನು ಹೇಳಿದೆ. ಗೇಟ್‌ಮ್ಯಾನ್ ಹಲ್ಲು ಕಿರಿದ. "ನೋಡಿ ಸ್ವಾಮಿ, ನನ್ನ ತಪ್ಪೆಲ್ಲ ಅವರಮ್ಮ ಕಂಡಿಕೆಗೆ ಸುತ್ತಿಟ್ಟವ್ರಂತೆ." ಇನ್‌ಸ್ಪೆಕ್ಟರು ನಕ್ಕು ಎದ್ದು ಹೋದರು.

ಯಾರ ಜೊತೆಗಾದರೂ ಜಗಳಕ್ಕಿಳಿಯುವುದಾದರೆ ಅವರು ಹೆದರುವ ವಸ್ತುವಿನಲ್ಲೇ ಲೆಕ್ಕ ಇಡಿ. ನಾನು ಅಂದೇ ನೋಟ್‌ಬುಕ್ಕು ಕೊಂಡು, ಗೇಟಿನ ಮುಂದೆ ನಿಂತು ಪೆನ್ಸಿಲು ಚೂಪು ಮಾಡಿದೆ.

"ಏನ್ಲಾ ಬರೀತಿದ್ದೀಯ?"

"ನಿನ್ನ ಹೆಸರೊಂದು ಬಿಟ್ಟು ಎಲ್ಲಾನೂ. ಅದನ್ನ ನಿಮ್ಮ ಮೇಲಿನೋರೇ ಬರ್ಕೋತಾರೆ."

ಆಮೇಲೆ ರೈಲಿಗಲ್ಲದೆ ಗೇಟು ಬೀಳಲಿಲ್ಲ. ಆದರೆ ಅಷ್ಟರಲ್ಲಿ ಸಾಹುಕಾರರು, "ನಿನ್ನ ಕಾಯ್ತಾ ಕೂತ್ರೆ ಅಂಗಡಿ ನಡೀತದಾ?" ಎಂದು ಬೋಣಿಯನ್ನು ಬೇರೊಬ್ಬನಿಗೆ ಕಾಯಂ ಮಾಡಿದ್ದರು. ತೆರೆದ ಗೇಟು ದಾಟಿ ಮೊದಲ ಬಸ್ಸಿನಲ್ಲಿ ಹೋದರೂ ನಾನು ಎರಡನೆಯವನೇ.

ಕೆಲವು ವರ್ಷಗಳ ಮೇಲೆ ಗೇಟ್‌ಮ್ಯಾನ್‌ಗೆ ವರ್ಗವಾಯಿತು. ಹೊರಡುವ ದಿನ ಕೈ ಮುಗಿದ. ನಾನು ಸೈಕಲ್ ಇಳಿಯಲಿಲ್ಲ.